ಹೆಸರಘಟ್ಟದಿಂದ ಚಿನ್ನದ ಗಣಿವರೆಗೆ: ಆರು ದಿನದ ನೀರಿನ ಲೆಕ್ಕ

ಬೆಂಗಳೂರು, ಕೋಲಾರಗಳ ನೀರು ಎಲ್ಲಿಂದ, ಎಷ್ಟು ಎಂದು ಅಳೆಯುತ್ತ ಹೋಗುವ ಈ ಸುತ್ತಾಟಕ್ಕೆ ಅಕ್ಟೋಬರ್ ಎರಡನೇ ವಾರ ಸರಿಯಾದ ಕಾಲ. ಕಾವೇರಿ ಕಡೆ ಮುಂಗಾರು ಮುಗಿದು ಜಲಾಶಯಗಳ ಈ ವರ್ಷದ ಹಣೆಬರಹ ಗೊತ್ತಾಗಿರುತ್ತದೆ. ಕೋಲಾರದ ಕಡೆ ಹಿಂಗಾರು ಈಗಷ್ಟೇ ಶುರುವಾಗಿರುತ್ತದೆ. ಭಾನುವಾರ ಹೊರಟು ಶುಕ್ರವಾರ ಮುಗಿಸುವುದು ಒಳ್ಳೆಯದು. ಯಾಕೆ ಎಂಬುದು ಕೊನೆಯ ದಿನ ತಿಳಿಯುತ್ತದೆ.

ಚೀಲದಲ್ಲಿ ಇರಬೇಕಾದವು: 30 ಮೀಟರ್ ಟೇಪು, ನೀರು ಮುಟ್ಟಿದರೆ ಬೀಪ್ ಎನ್ನುವ 200 ಮೀಟರಿನ ಮಟ್ಟ ಅಳೆಯುವ ಟೇಪು, ನೀರಿನ ವಿದ್ಯುತ್ ವಾಹಕತೆ ಅಳೆಯುವ ಪುಟ್ಟ ಮೀಟರು, ಸ್ಟಾಪ್‌ವಾಚು, ಐಸ್ ಪೆಟ್ಟಿಗೆ, ಸ್ಯಾಂಪಲ್ ಬಾಟಲಿಗಳು. ತಲೆಯಲ್ಲಿ ಇರಬೇಕಾದವು ನಾಲ್ಕೇ ಲೆಕ್ಕ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಇಡೀ ದಿನ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಲಕ್ಷ ಲೀಟರ್. ಇಷ್ಟಿದ್ದರೆ ಪತ್ರಿಕೆಯಲ್ಲಿ ಬರುವ ಅರ್ಧದಷ್ಟು ನೀರಿನ ಸುದ್ದಿಯನ್ನು ಕೂತಲ್ಲೇ ತೂಗಿ ನೋಡಬಹುದು.

ಅಣೆಕಟ್ಟೆ, ಪಂಪ್‌ಹೌಸ್, ಗಣಿ ಪ್ರದೇಶಗಳಿಗೆ ಹೋಗಲು ಲಿಖಿತ ಅನುಮತಿ ಬೇಕು. ಎರಡು ವಾರ ಮೊದಲೇ ಅರ್ಜಿ ಕೊಟ್ಟಿರಬೇಕು. ಗೇಟಿನ ಬಳಿ ನಿಂತು ಫೋನು ಮಾಡಿದರೆ ಕೆಲಸ ಆಗುವುದಿಲ್ಲ.

ಮೊದಲ ದಿನ, ಭಾನುವಾರ: ಹೆಸರಘಟ್ಟ, ತಿಪ್ಪಗೊಂಡನಹಳ್ಳಿ

ಬೆಳಿಗ್ಗೆ ಹೆಸರಘಟ್ಟದ ಏರಿ. 1876–78ರ ದೊಡ್ಡ ಬರದ ನಂತರ, ಊರೊಳಗಿನ ಕೆರೆಗಳನ್ನೇ ನಂಬಿ ಬೆಂಗಳೂರು ಬದುಕುವುದಿಲ್ಲ ಎಂದು ಖಚಿತವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಯ ಈ ನೀರು ನಗರಕ್ಕೆ ಹೊರಟಿತು. ಇಲ್ಲಿಂದ ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿವರೆಗೆ ತಾನಾಗಿ ಇಳಿದು, ಅಲ್ಲಿ ಉಗಿ ಯಂತ್ರದ ಪಂಪು ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ಆಮೇಲೆ ಎಷ್ಟೋ ವರ್ಷ ಏರಿ ಮೇಲೆ ನಿಂತರೆ ಕಾಣುತ್ತಿದ್ದದ್ದು ಬಹುಪಾಲು ಹುಲ್ಲು, ಜೊಂಡು.

ಮಧ್ಯಾಹ್ನ ತಿಪ್ಪಗೊಂಡನಹಳ್ಳಿ. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1933ರ ಈ ಚಾಮರಾಜಸಾಗರ ದಶಕಗಳ ಕಾಲ ಬೆಂಗಳೂರಿಗೆ ಕುಡಿಸಿತು. ಕಟ್ಟೆ ಗಟ್ಟಿಯಾಗಿದೆ, ತೂಬು ಇದೆ. ಇಲ್ಲದ್ದು ಒಳಹರಿವು.

ಲೆಕ್ಕ ಹಾಕಿ ನೋಡೋಣ. ಜಲಾನಯನ ಸುಮಾರು 1,450 ಚದರ ಕಿಲೋಮೀಟರ್. ವರ್ಷದ ಮಳೆ 800 ಮಿಲಿಮೀಟರ್ ಎಂದಿಟ್ಟುಕೊಂಡರೆ ಆಕಾಶದಿಂದ ಬೀಳುವುದು 41 ಟಿಎಂಸಿ. ಅದರಲ್ಲಿ ನೂರಕ್ಕೆ ಎಂಟರಷ್ಟು ಹರಿದು ಬಂದರೂ 3.3 ಟಿಎಂಸಿ, ಒಂದು ಜಲಾಶಯ ತುಂಬಿದ ಹಾಗೆ. ಆ ಎಂಟು ಎರಡಕ್ಕೆ ಇಳಿದರೆ 0.8. ಅಂದರೆ ಮಳೆ ಒಂದು ಹನಿಯೂ ಕಡಿಮೆಯಾಗದೆ ನದಿ ಮುಕ್ಕಾಲು ಪಾಲು ಸತ್ತುಹೋಗಬಹುದು. ಅರ್ಕಾವತಿಯಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಹರಿವು ಕುಸಿದಷ್ಟು ಮಳೆಯ ದಾಖಲೆ ಕುಸಿದಿಲ್ಲ. ಮೊದಲು ಬಾವಿಯ ನೀರು ಹತ್ತಿಪ್ಪತ್ತು ಅಡಿಯಲ್ಲಿ ಇದ್ದಾಗ ಮಳೆ ನಿಂತ ಮೇಲೂ ಹಳ್ಳಗಳಿಗೆ ಒಸರುತ್ತಿತ್ತು. ಬೋರ್‌ವೆಲ್‌ಗಳು ನೂರಾರು ಅಡಿಗೆ ಹೋದ ಮೇಲೆ ಆ ಒಸರು ನಿಂತಿತು. ಜತೆಗೆ ನೀಲಗಿರಿ ತೋಪು, ಹಳ್ಳಗಳಿಗೆ ಅಡ್ಡ ಕಟ್ಟಿದ ಸಾಲು ಸಾಲು ಚೆಕ್ ಡ್ಯಾಮ್. ಒಂದೊಂದನ್ನೇ ನೋಡಿದರೆ ಎಲ್ಲವೂ ಸಣ್ಣವು, ಒಳ್ಳೆಯವು. ಒಟ್ಟು ಕೂಡಿದರೆ ಕೆಳಗಿನವರ ಪಾಲು ಮೇಲೆಯೇ ಮುಗಿಯಿತು. 2003ರಲ್ಲಿ ಸರ್ಕಾರ ಜಲಾನಯನವನ್ನು ವಲಯಗಳಾಗಿ ಹಂಚಿ ಕಟ್ಟಡ, ಕೈಗಾರಿಕೆಗಳ ಮೇಲೆ ನಿರ್ಬಂಧದ ಆದೇಶ ಹೊರಡಿಸಿತು. ಕೊಳಚೆ ತಡೆಯಲು ಅದು ಬೇಕೇ ಬೇಕು. ಆದರೆ ಬೋರ್‌ವೆಲ್ಲಿನ ಆಳವನ್ನು ವಲಯದ ನಕ್ಷೆ ಮೇಲೆತ್ತುವುದಿಲ್ಲ.

ಮೊದಲ ದಿನ ಈ ಒಂದು ವ್ಯತ್ಯಾಸ ತಲೆಗೆ ಹೋದರೆ ಸಾಕು: ಕೂಡಿಟ್ಟ ನೀರು ಬೇರೆ, ವರ್ಷ ವರ್ಷ ಹುಟ್ಟುವ ನೀರು ಬೇರೆ. ಜಲಾಶಯದ ಸಾಮರ್ಥ್ಯ ಅನ್ನುವುದು ಕಣಜದ ಅಳತೆ, ಬೆಳೆಯದ್ದಲ್ಲ. ಮುಂದಿನ ಐದು ದಿನವೂ ಇದೇ ತಕ್ಕಡಿ.

ಎರಡನೇ ದಿನ, ಸೋಮವಾರ: ಕನ್ನಂಬಾಡಿ

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆ. ಕಟ್ಟೆಯ ಕಥೆ ಹೇಳುವಾಗ ಮಂಡ್ಯದ ಗದ್ದೆಯನ್ನು ಎಲ್ಲರೂ ಹೇಳುತ್ತಾರೆ, ಕೋಲಾರದ ಗಣಿಯನ್ನು ಮರೆಯುತ್ತಾರೆ. 1902ರಿಂದ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಗಣಿಯ ಯಂತ್ರಗಳಿಗೆ ಕರೆಂಟಿಲ್ಲ. ಮೇಲೊಂದು ಜಲಾಶಯ ಕಟ್ಟಲು ಇದೂ ಒಂದು ಮುಖ್ಯ ಕಾರಣವಾಗಿತ್ತು. ನದಿ, ಜಲಾಶಯ, ಗಣಿ ಮೂರೂ ಇಲ್ಲಿ ಒಂದೇ ದಾರದಲ್ಲಿವೆ.

ಗರಿಷ್ಠ ಮಟ್ಟ 124.80 ಅಡಿ, ಆಗ ಸಂಗ್ರಹ 49.45 ಟಿಎಂಸಿ. ಸುದ್ದಿಯಲ್ಲಿ “ನೂರು ಅಡಿ ದಾಟಿದ ಕೆಆರ್‌ಎಸ್” ಎಂದು ಬಂದಾಗ ಮುಕ್ಕಾಲು ತುಂಬಿತು ಅನ್ನಿಸುತ್ತದೆ. ನೂರು ಅಡಿಯಲ್ಲಿ ಇರುವುದು ಸುಮಾರು 23 ಟಿಎಂಸಿ, ಅರ್ಧಕ್ಕೂ ಕಡಿಮೆ. ಜಲಾಶಯ ಬೋಗುಣಿಯ ಹಾಗೆ: ಮೇಲೇರಿದಂತೆ ಬಾಯಿ ಅಗಲ. ತುಂಬಿದಾಗ ನೀರು ಹರಡುವುದು ಸುಮಾರು 130 ಚದರ ಕಿಲೋಮೀಟರ್. ಆ ಎತ್ತರದಲ್ಲಿ ಒಂದೊಂದು ಅಡಿಗೂ 1.4 ಟಿಎಂಸಿ.

ಈಗ ಹತ್ತಿರದಿಂದ ನೋಡಬೇಕಾದ್ದು ಅಳತೆಪಟ್ಟಿ. ಕಟ್ಟೆಯ ನೀರಿನ ಕಡೆ ಅಡಿ ಮತ್ತು ಅಡಿಯ ನೂರನೇ ಭಾಗ ಗುರುತಿಸಿದ ಪಟ್ಟಿ. ಬೆಳಿಗ್ಗೆ ಓದುತ್ತಾರೆ. ಒಳಹರಿವು ಎಂದು ದಿನವೂ ಪ್ರಕಟವಾಗುವ ಕ್ಯುಸೆಕ್ ಸಂಖ್ಯೆಯನ್ನು ಯಾರೂ ಹೊಳೆಯಲ್ಲಿ ನಿಂತು ಅಳೆದಿರುವುದಿಲ್ಲ. ಈ ಪಟ್ಟಿಯಿಂದಲೇ ಹಿಂದಕ್ಕೆ ಲೆಕ್ಕ ಹಾಕುತ್ತಾರೆ: ನಿನ್ನೆಯಿಂದ ಇವತ್ತಿಗೆ ಸಂಗ್ರಹ ಎಷ್ಟು ಬದಲಾಯಿತು, ಅದಕ್ಕೆ ನಾಲೆ ಮತ್ತು ಹೊಳೆಗೆ ಬಿಟ್ಟದ್ದನ್ನು ಕೂಡಿಸು, ಆವಿಯಾದದ್ದನ್ನು ಕೂಡಿಸು. ಬಂದ ಉತ್ತರವೇ ಒಳಹರಿವು.

ಇದರಲ್ಲಿ ಎಡವುವುದು ಎಲ್ಲಿ? ಗಾಳಿಯಲ್ಲಿ. ಅಲೆ ಬಡಿಯುವಾಗ ಪಟ್ಟಿಯಲ್ಲಿ 0.05 ಅಡಿ, ಅಂದರೆ ಒಂದು ಬೆರಳಗಲ, ಹೆಚ್ಚು ಓದಿದರೆಂದು ಇಟ್ಟುಕೊಳ್ಳಿ. ತುಂಬಿದ ಜಲಾಶಯದಲ್ಲಿ ಅದು 0.07 ಟಿಎಂಸಿ. ದಿನಕ್ಕೆ ಹಂಚಿದರೆ 810 ಕ್ಯುಸೆಕ್. ಒಂದು ಬೆರಳಗಲದ ತಪ್ಪು ಇಲ್ಲದ ಹೊಳೆಯೊಂದನ್ನು ಹರಿಸಿಬಿಡುತ್ತದೆ. ಮಾರನೆಯ ದಿನ ಸರಿಯಾಗಿ ಓದಿದರೆ ಆ ಹೊಳೆ ಮಾಯ. ಬೇಸಿಗೆಯ ಪಟ್ಟಿಯಲ್ಲಿ ಒಳಹರಿವು ಒಂದು ದಿನ 900, ಮರುದಿನ 80 ಎಂದು ಕುಣಿಯುವುದಕ್ಕೆ ಬಹಳ ಸಲ ಕಾರಣ ಇಷ್ಟೇ. ಅಲೆ ಒಳಗೆ ಬರದ ಹಾಗೆ ಸಣ್ಣ ಕೊಳವೆಯಿಂದ ಜಲಾಶಯಕ್ಕೆ ಸೇರಿಸಿದ ಬಾವಿಯಲ್ಲಿ ಮಟ್ಟ ಓದುವುದು ಒಂದು ಉಪಾಯ. ಇಲ್ಲದಿದ್ದರೆ ಏಳು ದಿನದ ಸರಾಸರಿ ತೆಗೆಯಿರಿ, ದಿನದ ಅಂಕಿಗೆ ಜಗಳ ಆಡಬೇಡಿ.

ಆವಿಯ ಪಾಲು ಸಣ್ಣದಲ್ಲ. ದಿನಕ್ಕೆ 5 ಮಿಲಿಮೀಟರ್ ಎಂದರೂ 130 ಚದರ ಕಿಲೋಮೀಟರಿನಿಂದ ಹಾರುವುದು 65 ಕೋಟಿ ಲೀಟರ್, ಸುಮಾರು 265 ಕ್ಯುಸೆಕ್. ಕಾವೇರಿ ನ್ಯಾಯಮಂಡಳಿಯ ಅಂತಿಮ ಆದೇಶದಲ್ಲಿ ಇದೂ ಆಯಾ ರಾಜ್ಯದ ಬಳಕೆಯ ಲೆಕ್ಕಕ್ಕೇ ಸೇರುತ್ತದೆ.

ಇನ್ನು ಹಂಚಿಕೆ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಒಟ್ಟು 740 ಟಿಎಂಸಿಯಲ್ಲಿ ಕರ್ನಾಟಕಕ್ಕೆ 284.75, ಸಾಧಾರಣ ವರ್ಷದಲ್ಲಿ ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ದಾಟಬೇಕು. ನ್ಯಾಯಮಂಡಳಿ ಕೊಟ್ಟದ್ದಕ್ಕಿಂತ ಕರ್ನಾಟಕಕ್ಕೆ ಹೆಚ್ಚು ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದು. ನೋಡಬೇಕಾದ್ದು ತಮಿಳುನಾಡಿಗೆ ಬಿಡಬೇಕಾದ ತಿಂಗಳ ಪಟ್ಟಿ: ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76. ನಾಲ್ಕು ತಿಂಗಳಲ್ಲೇ 123 ಟಿಎಂಸಿ. ಒಳ್ಳೆಯ ವರ್ಷದಲ್ಲಿ ಕಬಿನಿಯೂ ಕೆಆರ್‌ಎಸ್‌ನ ಕೋಡಿಯೂ ಇದನ್ನು ತಾವಾಗಿ ಕೊಟ್ಟುಬಿಡುತ್ತವೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಆಗಸ್ಟಿನಲ್ಲಿ ಮಳೆ ಕೈಕೊಟ್ಟರೆ ಮಾತ್ರ ಕೂಡಿಟ್ಟದ್ದರಿಂದ ಕೊಡಬೇಕು, ಆಗ ಮಂಡ್ಯದ ಹೆದ್ದಾರಿ ಬಂದ್. ತೀರ್ಪು ಸಾಧಾರಣ ವರ್ಷಕ್ಕೆ ಅಂಕಿ ಕೊಟ್ಟಿದೆ; ಕಷ್ಟದ ವರ್ಷವನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಸೂತ್ರವೇ ನಿಜವಾದ ಬಾಕಿ.

ಮೂರನೇ ದಿನ, ಮಂಗಳವಾರ: ಹೊಳೆಯ ಅಳತೆ, ತೊರೆಕಾಡನಹಳ್ಳಿ

ಶ್ರೀರಂಗಪಟ್ಟಣದಿಂದ ಕೆಳಗೆ, ತಿರುಮಕೂಡಲಿನಲ್ಲಿ ಕಬಿನಿ ಸೇರಿದ ಮೇಲೆ ಹೊಳೆ ದೊಡ್ಡದಾಗುತ್ತದೆ. ಹರಿವು ಅಳೆಯುವ ಕೈಯಾರೆ ವಿಧಾನವನ್ನು ಇಲ್ಲಿ ಯಾವುದಾದರೂ ನೇರವಾದ ತುಂಡಿನಲ್ಲಿ ಮಾಡಿ ನೋಡಬಹುದು. ನೀರು ಮೊಣಕಾಲು ಮೀರಿದ್ದರೆ ಇಳಿಯಬೇಡಿ. ಮೇಲಿನಿಂದ ಯಾವಾಗ ಬಿಡುತ್ತಾರೆ ಹೇಳಲಾಗದು. ದೊಡ್ಡ ಹೊಳೆಯನ್ನು ದಡದಿಂದ, ಸೇತುವೆಯಿಂದ ಅಳೆಯಿರಿ.

ದಡದ ಉದ್ದಕ್ಕೂ 30 ಮೀಟರ್ ಗುರುತು ಹಾಕಿ, ಮೇಲಿನ ತುದಿಯಲ್ಲಿ ನಿಂಬೆಹಣ್ಣು ಬಿಡಿ. ಖಾಲಿ ಬಾಟಲಿ ಬೇಡ, ಗಾಳಿ ತಳ್ಳುತ್ತದೆ. ನಿಂಬೆಹಣ್ಣು ಅರ್ಧ ಮುಳುಗಿ ನೀರಿನ ಜತೆಗೇ ಹೋಗುತ್ತದೆ. 40 ಸೆಕೆಂಡು ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.75 ಮೀಟರ್. ಒಳಗಿನ ನೀರು ಮೇಲಿನಷ್ಟು ಓಡುವುದಿಲ್ಲ, ಆದ್ದರಿಂದ 0.85ರಿಂದ ಗುಣಿಸಿ. ಅಗಲ 60 ಮೀಟರ್, ಸರಾಸರಿ ಆಳ 1.2 ಮೀಟರ್ ಇದ್ದರೆ ಸುಮಾರು 46 ಘನ ಮೀಟರ್, 1,620 ಕ್ಯುಸೆಕ್. ಇಲಾಖೆಯವರು ಇದನ್ನೇ ಕರೆಂಟ್ ಮೀಟರಿನಿಂದ ಮಾಡುತ್ತಾರೆ: ಹೊಳೆಯನ್ನು ಅಡ್ಡಲಾಗಿ ಇಪ್ಪತ್ತಕ್ಕೂ ಹೆಚ್ಚು ಪಟ್ಟಿಗಳಾಗಿ ಸೀಳಿ, ಆಳ ಕಡಿಮೆಯಿರುವಲ್ಲಿ ಮೇಲಿನಿಂದ 0.6 ಆಳದಲ್ಲಿ ಒಂದು ವೇಗ, ಹೆಚ್ಚಿರುವಲ್ಲಿ 0.2 ಮತ್ತು 0.8ರಲ್ಲಿ ಎರಡು ವೇಗ ತೆಗೆದು ಸರಾಸರಿ.

ದಿನವೂ ಹೀಗೆ ಅಳೆಯಲಾಗದು. ಹಲವು ಮಟ್ಟಗಳಲ್ಲಿ ಅಳೆದು, ಮಟ್ಟಕ್ಕೆ ಇಷ್ಟು ಹರಿವು ಎಂಬ ಗೆರೆ ಎಳೆದಿಟ್ಟುಕೊಂಡು, ಆಮೇಲೆ ಬರೀ ಮಟ್ಟ ಓದುತ್ತಾರೆ. ಈ ಗೆರೆ ನಂಬುವ ಹಾಗಿರಬೇಕಾದರೆ ತಳ ಕದಲಬಾರದು. ಮರಳು ತೆಗೆದರೆ ತಳ ಇಳಿದು, ಅದೇ ಮಟ್ಟದಲ್ಲಿ ಹೆಚ್ಚು ನೀರು ಹೋಗುತ್ತಿರುತ್ತದೆ, ದಾಖಲೆಯಲ್ಲಿ ಕಡಿಮೆ ಕಾಣುತ್ತದೆ. ಜೊಂಡು ಬೆಳೆದರೆ ಇದರ ಉಲ್ಟಾ. ಪ್ರವಾಹ ಏರುವಾಗಲೂ ಇಳಿಯುವಾಗಲೂ ಒಂದೇ ಮಟ್ಟ ಕಂಡರೂ ಏರುವಾಗಿನ ಹರಿವೇ ಹೆಚ್ಚು. ಮಳೆಗಾಲ ಮುಗಿದ ಕೂಡಲೇ ಗೆರೆಯನ್ನು ಹೊಸ ಅಳತೆಗೆ ಒರೆಹಚ್ಚದಿದ್ದರೆ ಆ ವರ್ಷದ ಸಂಖ್ಯೆಗಳೆಲ್ಲ ಅಂದಾಜೇ.

ಮಧ್ಯಾಹ್ನ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಎಲ್ಲರ ಬಾಯಲ್ಲೂ ಟಿ.ಕೆ. ಹಳ್ಳಿ. ಬೆಂಗಳೂರಿಗೆ ಹೋಗುವ ಕಾವೇರಿ ಶುದ್ಧವಾಗುವುದು ಇಲ್ಲಿ. ಮೊದಲ ಹಂತ 1974ರಲ್ಲಿ, ದಿನಕ್ಕೆ 13.5 ಕೋಟಿ ಲೀಟರ್. ನಾಲ್ಕನೇ ಹಂತ ಮುಗಿಯುವಾಗ ಒಟ್ಟು 145 ಕೋಟಿ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತ ಇನ್ನೂ 77.5 ಕೋಟಿ ಸೇರಿಸಿತು. ಪೂರ್ತಿ ಓಡಿದರೆ ವರ್ಷಕ್ಕೆ ಸುಮಾರು 28.7 ಟಿಎಂಸಿ, ನಿರಂತರ 900 ಚಿಲ್ಲರೆ ಕ್ಯುಸೆಕ್. ನಿನ್ನೆಯ ಆವಿಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇಲ್ಲಿ ಬಿಡಬಾರದ ನೋಟ ಪ್ರಯೋಗಾಲಯದ ಜಾರ್ ಪರೀಕ್ಷೆ. ಒಂದು ಲೀಟರಿನ ಆರು ಬೀಕರ್, ಆರಕ್ಕೂ ಹೊಳೆಯ ಹಸಿ ನೀರು, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಆಲಂ (ಪಟಿಕ). ಒಂದು ನಿಮಿಷ ಜೋರಾಗಿ ತಿರುಗಿಸಿ, ಹದಿನೈದು ಇಪ್ಪತ್ತು ನಿಮಿಷ ನಿಧಾನಕ್ಕೆ, ಆಮೇಲೆ ಅರ್ಧ ಗಂಟೆ ಅಲುಗಾಡಿಸದೆ ಬಿಡುವುದು. ಯಾವ ಬೀಕರಿನಲ್ಲಿ ರಾಡಿ ಅವಲಕ್ಕಿ ಗಾತ್ರದ ಹೆಪ್ಪಾಗಿ ತಳ ಸೇರಿ ಮೇಲಿನ ನೀರು ತಿಳಿಯಾಯಿತೋ ಅದರ ಪ್ರಮಾಣವೇ ಅವತ್ತಿನ ಮದ್ದು. ಜುಲೈಯಲ್ಲಿ ಹೊಸ ನೀರು ಬಂದ ದಿನ ಆಲಂ ಎಷ್ಟು ಸುರಿದರೂ ಹೆಪ್ಪುಗಟ್ಟದೆ ಹಾಲಿನಂತೆಯೇ ನಿಲ್ಲುವುದುಂಟು. ಒಂದು ಮಿಲಿಗ್ರಾಂ ಆಲಂ ನೀರಿನ ಕ್ಷಾರೀಯತೆಯಲ್ಲಿ, ಅಂದರೆ ಆಮ್ಲವನ್ನು ತಾಳುವ ಗುಣದಲ್ಲಿ, ಅರ್ಧ ಮಿಲಿಗ್ರಾಮಿನಷ್ಟು ತಿನ್ನುತ್ತದೆ. ಮಳೆನೀರಿನಲ್ಲಿ ಆ ಕ್ಷಾರೀಯತೆಯೇ ಕಡಿಮೆ. ಆಗ ಬೇಕಾದ್ದು ಇನ್ನಷ್ಟು ಆಲಂ ಅಲ್ಲ, ಸ್ವಲ್ಪ ಸುಣ್ಣ. ಗೊತ್ತಿಲ್ಲದವರು ಆಲಂ ಏರಿಸುತ್ತಲೇ ಹೋಗಿ ಫಿಲ್ಟರ್ ಮರಳನ್ನು ಕಟ್ಟಿಹಾಕುತ್ತಾರೆ.

ಇಲ್ಲಿಂದ ಹಾರೋಹಳ್ಳಿ, ತಾತಗುಣಿ ಮೂಲಕ ಮೂರು ಮೆಟ್ಟಿಲಿನಲ್ಲಿ ಸುಮಾರು 500 ಮೀಟರ್ ಮೇಲಕ್ಕೆ. ಸಾವಿರ ಲೀಟರನ್ನು ಅಷ್ಟು ಎತ್ತಲು ಶಾಸ್ತ್ರದ ಪ್ರಕಾರ 1.36 ಯೂನಿಟ್, ಪಂಪು, ಮೋಟಾರುಗಳ ನಷ್ಟ ಸೇರಿಸಿದರೆ 1.75. ಎಲ್ಲ ಹಂತವೂ ಪೂರ್ತಿ ಓಡಿದರೆ ದಿನಕ್ಕೆ 39 ಲಕ್ಷ ಯೂನಿಟ್ಟಿನ ಆಸುಪಾಸು. ನಗರದ ಪೈಪಿನಲ್ಲಿ ಸೋರುವ ಪ್ರತಿ ಸಾವಿರ ಲೀಟರೂ ಈ ಕರೆಂಟು ಕುಡಿದೇ ಸೋರುತ್ತದೆ.

ಕರೆಂಟು ಒಮ್ಮೆಗೇ ಹೋದರೆ ಪಂಪು ನಿಲ್ಲುತ್ತದೆ, ಪೈಪಿನೊಳಗಿನ ನೀರಿನ ಕಂಬ ಮಾತ್ರ ಮುಂದಕ್ಕೆ ಹೋಗಿ ಹಿಂದಕ್ಕೆ ಅಪ್ಪಳಿಸುತ್ತದೆ. ಎತ್ತರದ ದಿಣ್ಣೆಗಳಲ್ಲಿ ಮೊದಲು ನಿರ್ವಾತ, ಆಮೇಲೆ ಸುತ್ತಿಗೆ ಏಟು. ಪೈಪಿನ ದಾರಿಯುದ್ದಕ್ಕೂ ಕಾಣುವ ಸರ್ಜ್ ಟ್ಯಾಂಕು, ಏರ್ ವಾಲ್ವುಗಳು ಇರುವುದು ಆ ಏಟಿಗೆ. ಹತ್ತು ನಿಮಿಷ ಕರೆಂಟು ಹೋದದ್ದಕ್ಕೆ ಎರಡು ದಿನ ನೀರಿಲ್ಲವೇ ಎಂದು ಜನ ಕೇಳುವುದು ಸಹಜ. ಪೈಪನ್ನು ಮತ್ತೆ ನಿಧಾನಕ್ಕೆ ತುಂಬಿ, ಗಾಳಿ ಹೊರಗೆ ಹಾಕಿ, ತೊಟ್ಟಿಗಳು ಏರಿ, ಆಮೇಲೆ ವಾಲ್ವ್‌ಮನ್ ಒಂದೊಂದೇ ಬಡಾವಣೆಗೆ ತಿರುಗಿಸಬೇಕು.

ನಾಲ್ಕನೇ ದಿನ, ಬುಧವಾರ: ಕೊಳಚೆ ಹತ್ತಿದ ಘಟ್ಟ

ಬೆಂಗಳೂರು ಕುಡಿದು ಬಿಟ್ಟ ಕಾವೇರಿಯನ್ನು ಹಿಂಬಾಲಿಸಿ ಪೂರ್ವಕ್ಕೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು, ಯೋಜನೆಯ ಪ್ರಕಾರ ದಿನಕ್ಕೆ 44 ಕೋಟಿ ಲೀಟರ್, ಕೋಲಾರದ ಕೆರೆಗಳಿಗೆ. 2018ರ ಜೂನ್‌ನಲ್ಲಿ ನರಸಾಪುರ ಬಳಿಯ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಿತ್ತು. ಮುಂದಿನ ತಿಂಗಳೇ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು. ನೊರೆಗೆ ಕಾರಣ ಸಂಸ್ಕರಣೆಯಲ್ಲಿ ಉಳಿದ ಸೋಪಿನ ಅಂಶ. ಅದನ್ನು ಎಬ್ಬಿಸಿದ್ದು ಪೈಪಿನಿಂದ ನೀರು ಧುಮುಕುವ ರಭಸ. ನೊರೆ ಕಣ್ಣಿಗೆ ಕಾಣುತ್ತದೆ ಎಂದು ಗಲಾಟೆ. ಕಣ್ಣಿಗೆ ಕಾಣದ ನೈಟ್ರೇಟನ್ನು ಬಾವಿಯಲ್ಲಿ ವರ್ಷಗಟ್ಟಲೆ ಹುಡುಕಬೇಕು. ಕುಡಿಯುವ ನೀರಿಗೆ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಈ ನೀರು ಅಂತರ್ಜಲಕ್ಕೆ ಮಾತ್ರ. ತೂಬು ಎತ್ತಿ ಗದ್ದೆಗೆ ಹಾಯಿಸುವಂತಿಲ್ಲ, ಕೆರೆಗೆ ಮೋಟಾರು ಇಡುವಂತಿಲ್ಲ. ತೂಬು ಎತ್ತುವುದೇ ಹುಟ್ಟಿನ ಕೆಲಸವಾಗಿದ್ದ ನೀರಗಂಟಿಗೆ ತುಂಬಿದ ಕೆರೆಯ ಮುಂದೆ ಸುಮ್ಮನೆ ಕೂರುವ ಕೆಲಸ.

ಹಾಗಾದರೆ ನಿಜಕ್ಕೂ ಎಷ್ಟು ಇಂಗುತ್ತದೆ? ಅಳೆಯಲು ಯಂತ್ರ ಬೇಡ. ನೀರಿನ ಅಂಚಿನಲ್ಲಿ ಸ್ಕೇಲು ಬಡಿದ ಗೂಟ ನೆಡಿ. ಮೇಲಿನ ಕೆರೆಯಿಂದ ಒಳಹರಿವು ನಿಂತ, ಮಳೆಯಿಲ್ಲದ ನಾಲ್ಕೈದು ದಿನ, ಒಂದೇ ಹೊತ್ತಿಗೆ ಓದಿ. ದಿನಕ್ಕೆ 12 ಮಿಲಿಮೀಟರ್ ಇಳಿದಿದೆ ಅನ್ನಿ. ಹತ್ತಿರದ ಹವಾಮಾನ ಕೇಂದ್ರದ ಬಾಣಲೆಯಲ್ಲಿ 6 ಮಿಲಿಮೀಟರ್ ಆವಿಯಾಗಿದ್ದರೆ ಅದನ್ನು 0.7ರಿಂದ ಗುಣಿಸಿ 4.2 ಕಳೆಯಿರಿ. ಇಂಗಿದ್ದು 7.8. ಕೆಲವು ತಿಂಗಳ ನಂತರ ಅದೇ ಕೆರೆಯಲ್ಲಿ ಇದು 2ಕ್ಕೆ ಇಳಿದಿದ್ದರೆ ತಳದಲ್ಲಿ ಪಾಚಿ, ಗೋಡು ಮಣ್ಣಿನ ಪದರ ಕಟ್ಟಿಕೊಂಡು ಮುಚ್ಚಳ ಹಾಕಿದೆ ಎಂದರ್ಥ. ಆಮೇಲೆ ಅದು ಆವಿಯ ಬಾಣಲೆಯೇ: 5 ಮಿಲಿಮೀಟರಿನಂತೆ ನೂರು ಹೆಕ್ಟೇರ್ ತೆರೆದ ನೀರು ದಿನಕ್ಕೆ 50 ಲಕ್ಷ ಲೀಟರನ್ನು ಬಿಸಿಲಿಗೆ ಕೊಡುತ್ತದೆ. ಸದಾ ತುಂಬಿರುವ ಕೆರೆ ಫೋಟೊಗೆ ಚೆಂದ. ಇಂಗಬೇಕಾದರೆ ಎರಡು ಮೂರು ವರ್ಷಕ್ಕೊಮ್ಮೆ ಒಣಗಿ ಅಂಗಳ ಬಿರಿಯಬೇಕು.

ಸಂಜೆ ಕೋಲಾರ. ಬೋರ್‌ವೆಲ್ಲಿನಲ್ಲಿ ಫ್ಲೋರೈಡ್, ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5. ಊರೂರಲ್ಲಿ ಶುದ್ಧ ನೀರಿನ ಘಟಕ, ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಅದರ ಹಿಂಬದಿಗೆ ಹೋಗಿ ನೋಡಿ: ಘಟಕದ ಸೋಸುವ ಪೊರೆ ಹಿಡಿದಿಟ್ಟ ಫ್ಲೋರೈಡ್ ಎಲ್ಲ ಸೇರಿದ ಗಾಢ ನೀರು ಪೈಪಿನಲ್ಲಿ ಬಂದು ಪಕ್ಕದ ಚರಂಡಿಗೆ, ಅಲ್ಲಿಂದ ಅದೇ ನೆಲಕ್ಕೆ.

ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆಯ ಮಾತು ಇಲ್ಲಿ ಯಾರ ಜತೆ ಕೂತರೂ ಬರುತ್ತದೆ. ಯೋಜನೆಯ ಲೆಕ್ಕ 24.01 ಟಿಎಂಸಿ, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ. ಅಷ್ಟು ಸಿಗುವುದಿಲ್ಲ ಎಂಬ ವಾದವೂ ಬಲವಾಗಿದೆ. ಪೈಪಿನ ಗಾತ್ರ ಕೇಳುವ ಮೊದಲು ಕೇಳಬೇಕಾದ್ದು ಒಂದೇ: ಆ ಹಳ್ಳಗಳನ್ನು ಎಷ್ಟು ವರ್ಷ ಅಳೆದಿದ್ದಾರೆ?

ಐದನೇ ದಿನ, ಗುರುವಾರ: ಬೇತಮಂಗಲ, ಕೆಜಿಎಫ್

ಬೇತಮಂಗಲದ ಕೆರೆ ಪಾಲಾರ್ ನದಿಗೆ ಅಡ್ಡ ನಿಂತಿದೆ. 20ನೇ ಶತಮಾನದ ಆರಂಭದಲ್ಲಿ ಚಿನ್ನದ ಗಣಿ ಮತ್ತು ಗಣಿಯೂರಿಗೆ ಇಲ್ಲಿಂದಲೇ ನೀರು ಶುದ್ಧ ಮಾಡಿ ಪಂಪ್ ಮಾಡುವ ವ್ಯವಸ್ಥೆ ಬಂತು. ನೆಲದೊಳಗೆ ಸಾವಿರಾರು ಅಡಿ ಕೊರೆಯುತ್ತಿದ್ದವರು ಕುಡಿಯುವ ನೀರಿಗೆ ಹೊರಗಿನ ಹೊಳೆಗೆ ಬಂದರು. ಆ ಕಲ್ಲಿನಲ್ಲಿ ನೀರು ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಪಾಲಾರ್ ಮಾತ್ರ ನಂಬಿಗಸ್ತ ಹೊಳೆಯಲ್ಲ: ಎಷ್ಟೋ ವರ್ಷ ಮರಳು, 2021ರ ನವೆಂಬರಿನಂಥ ಮಳೆ ಬಂದರೆ ದಡ ಮೀರಿದ ಪ್ರವಾಹ.

ಗಣಿಗಳು ಮುಚ್ಚಿದ್ದು 2001ರಲ್ಲಿ. ಅವುಗಳಲ್ಲೊಂದಾದ ಚಾಂಪಿಯನ್ ರೀಫ್‌ನ ಆಳ ಸುಮಾರು 3,200 ಮೀಟರ್. ತಳದಲ್ಲಿ ಕಲ್ಲಿನ ಬಿಸಿ 65 ಡಿಗ್ರಿ ದಾಟುತ್ತಿತ್ತು. ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ಏರಿದೆ. “ಕೆಜಿಎಫ್ ಕೆಳಗೆ ಸಮುದ್ರವೇ ಇದೆ, ಇಡೀ ಜಿಲ್ಲೆಗೆ ಕೊಡಬಹುದು” ಎಂಬ ಮಾತು ಆಗಾಗ ಏಳುತ್ತದೆ. ತೂಗಿ ನೋಡೋಣ.

ಸುಮಾರು 120 ವರ್ಷದಲ್ಲಿ ಹೊರತೆಗೆದ ಅದಿರು ಸುಮಾರು 5.1 ಕೋಟಿ ಟನ್, ಚಿನ್ನ 800 ಟನ್. ಅದಿರಿನ ಘನ ಮೀಟರಿಗೆ 2.8 ಟನ್ ಹಿಡಿದರೆ ಖಾಲಿಯಾದ ಜಾಗ 1.8 ಕೋಟಿ ಘನ ಮೀಟರ್. ಟಿಎಂಸಿಯಲ್ಲಿ 0.64. ಸುರಂಗ, ಶಾಫ್ಟುಗಳಿಗೆಂದು (ನೇರ ಕೆಳಗಿಳಿಯುವ ಬಾವಿಗಳಿಗೆಂದು) ತೆಗೆದ ಬರಿಯ ಕಲ್ಲನ್ನು ಇದಕ್ಕೆ ಕೂಡಿಸಬೇಕು. ಆದರೆ ಮೇಲಿನ ಬಂಡೆ ಕುಸಿಯದಿರಲೆಂದು ಅದಿರು ತೆಗೆದ ಪೊಟರೆಗಳನ್ನು ಕಲ್ಲು ಕಟ್ಟಿ ತುಂಬಿದ್ದಾರೆ, ಅದನ್ನು ಕಳೆಯಬೇಕು. ಹೇಗೆ ನೋಡಿದರೂ ಕೆಆರ್‌ಎಸ್ ತುಂಬಿದಾಗಿನ ಮೇಲಿನ ಅರ್ಧ ಅಡಿಯಷ್ಟೂ ಇಲ್ಲ. ಅದರಲ್ಲೂ ಬಹುಭಾಗ ಸಾವಿರಾರು ಮೀಟರ್ ಆಳದಲ್ಲಿ, ಎತ್ತಿದರೆ ಕಾವೇರಿಗಿಂತ ದುಬಾರಿ.

ಅದಾದರೂ ಒಂದು ಸಲದ ಕೂಡಿಟ್ಟ ಹಣ. ವರ್ಷದ ಹುಟ್ಟುವಳಿ ಎಷ್ಟು? ಇಂಥ ಗಟ್ಟಿ ಶಿಲೆಯಲ್ಲಿ ನೀರು ಮೇಲಿನ ಶಿಥಿಲ ಪದರದಿಂದ, ಬಿರುಕುಗಳಿಂದ ಇಳಿಯುತ್ತದೆ. ಗಣಿ ಸಾಲಿನ ಮೇಲ್ಭಾಗ 12 ಚದರ ಕಿಲೋಮೀಟರ್, ಮಳೆ 700 ಮಿಲಿಮೀಟರ್, ಹತ್ತನೇ ಒಂದು ಭಾಗ ಒಳಗೆ ಹೋಗುತ್ತದೆ ಎಂದು ಧಾರಾಳವಾಗಿಯೇ ಹಿಡಿದರೆ ವರ್ಷಕ್ಕೆ 84 ಕೋಟಿ ಲೀಟರ್, ದಿನಕ್ಕೆ 23 ಲಕ್ಷ. 2011ರ ಜನಗಣತಿಯ 1.6 ಲಕ್ಷ ಜನಕ್ಕೆ ತಲಾ 135 ಲೀಟರಿನಂತೆ ಬೇಕಾದ್ದು 2.2 ಕೋಟಿ. ಹತ್ತರಲ್ಲಿ ಒಂದು ಪಾಲು. ಉಪಯೋಗವಿಲ್ಲ ಎಂದಲ್ಲ: ನೂರು ಮೀಟರ್ ಆಳದಿಂದ ಎತ್ತಲು ಸಾವಿರ ಲೀಟರಿಗೆ ಅರ್ಧ ಯೂನಿಟ್ಟೂ ಬೇಡ, ಬರದಲ್ಲಿ ಒಂದೆರಡು ತಿಂಗಳು ಕೈಹಿಡಿಯುತ್ತದೆ. ಇಡೀ ಜಿಲ್ಲೆಗೆ ಎಂಬ ಕನಸು ಮಾತ್ರ ಕೂಡಿಟ್ಟದ್ದನ್ನು ಹುಟ್ಟುವಳಿ ಎಂದು ಎಣಿಸಿದ್ದರ ಫಲ.

ಪರೀಕ್ಷೆ ಮಾಡುವ ಕ್ರಮ ಹೀಗಿರಬೇಕು. ಹಳೆಯ ಶಾಫ್ಟಿನ ಬಾಯಿಯ ಬಳಿ ಬಗ್ಗುವುದೇ ಬೇಡ; ಅಂಚು ಕುಸಿಯುತ್ತದೆ, ಒಳಗಿನ ಗಾಳಿಯಲ್ಲಿ ಆಮ್ಲಜನಕ ಇರುವುದಿಲ್ಲ. ಗಣಿ ಸುರಕ್ಷತೆಯವರ ಅನುಮತಿ, ಬೆಲ್ಟು, ಗಾಳಿ ಅಳೆಯುವ ಮೀಟರು ಇದ್ದರೆ ಮಾತ್ರ ಟೇಪು ಇಳಿಬಿಡುವುದು. ವರ್ಷವಿಡೀ ಮಟ್ಟ ಬರೆದಿಡಬೇಕು: ಮಳೆ ಬಂದ ಎಷ್ಟು ದಿನಕ್ಕೆ ಏರಿತು ಎಂಬುದೇ ಒಳಹರಿವಿನ ಗುಟ್ಟು. ಮೇಲಿನ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಪರೀಕ್ಷಿಸಿ “ಸಿಹಿಯಾಗಿದೆ” ಎಂದು ಬರೆಯುವುದು ಎಲ್ಲರೂ ಮಾಡುವ ತಪ್ಪು. ಗಣಿಯ ನೀರು ಪದರ ಪದರ. ಮೇಲೆ ಹೊಸ ಮಳೆನೀರು ತೇಲುತ್ತದೆ, ಉಪ್ಪು, ಲೋಹ ಕರಗಿದ ಭಾರದ ನೀರು ಕೆಳಗೆ. ವಾಹಕತೆಯ ಮೀಟರನ್ನು ಹತ್ತು ಹತ್ತು ಮೀಟರಿಗೆ ಇಳಿಸುತ್ತ ಹೋದರೆ ಸಂಖ್ಯೆ ಒಂದು ಕಡೆ ತಟ್ಟನೆ ಜಿಗಿಯುತ್ತದೆ. ಆ ಜಿಗಿತದ ಮೇಲೊಂದು, ಕೆಳಗೊಂದು ಸ್ಯಾಂಪಲ್ ಬೇಕು, ಮುಚ್ಚಳ ಕೆಳಗೇ ಮುಚ್ಚಿಕೊಳ್ಳುವ ಬಾಟಲಿಯಲ್ಲಿ.

ಹುಡುಕಬೇಕಾದ್ದು ಆರ್ಸೆನಿಕ್ (ಮಿತಿ 0.01 ಮಿಲಿಗ್ರಾಂ), ಸಲ್ಫೇಟ್ (200), ಸಯನೈಡ್ (0.05), ಲೋಹಗಳು. ಲೋಹದ ಬಾಟಲಿಗೆ ನೈಟ್ರಿಕ್ ಆಮ್ಲದ ಹನಿ, ಸಯನೈಡಿನದಕ್ಕೆ ಕಾಸ್ಟಿಕ್ ಸೋಡಾ. ಇವೆರಡು ಅದಲುಬದಲಾದರೆ ಫಲಿತಾಂಶ ಸುಳ್ಳಾಗುವುದಷ್ಟೇ ಅಲ್ಲ, ಸಯನೈಡಿಗೆ ಆಮ್ಲ ಬಿದ್ದರೆ ವಿಷಾನಿಲ ಏಳುತ್ತದೆ. ಬಾಟಲಿಗೆ ಬಣ್ಣದ ಪಟ್ಟಿ ಮೊದಲೇ ಅಂಟಿಸಿ. ಇನ್ನೊಂದು ಎಡವಟ್ಟು ಪಂಪ್ ಶುರುವಾದ ಮೇಲೆ ಬರುತ್ತದೆ. ನೀರು ಇಳಿದಾಗ ಇಷ್ಟು ವರ್ಷ ಮುಳುಗಿದ್ದ ಗಂಧಕದ ಖನಿಜಗಳಿಗೆ ಗಾಳಿ ಸೋಕುತ್ತದೆ, ಮತ್ತೆ ನೀರು ಏರಿದಾಗ ಅದೆಲ್ಲ ತೊಳೆದು ಬರುತ್ತದೆ. ಮೊದಲ ತಿಂಗಳ ಒಳ್ಳೆಯ ವರದಿ ಆರನೇ ತಿಂಗಳಿಗೆ ಅನ್ವಯಿಸುವುದಿಲ್ಲ. ಬಂಡೆ ಸಿಡಿತಕ್ಕೆ ಹೆಸರಾದ ಗಣಿಯಲ್ಲಿ ಮಟ್ಟವನ್ನು ರಭಸದಿಂದ ಏರಿಳಿಸುವುದೂ ಸರಿಯಲ್ಲ.

ಊರಿನ ಬದಿಯಲ್ಲಿ, ಚಿನ್ನ ತೆಗೆದು ಉಳಿದ ಅದಿರಿನ ಪುಡಿಯ ಸಯನೈಡ್ ದಿಬ್ಬಗಳು, ಒಟ್ಟು ಮೂರು ಕೋಟಿ ಟನ್ನಿಗೂ ಮೇಲೆ. ಬಿಸಿಲು ಗಾಳಿಗೆ ಬಿದ್ದ ಸಯನೈಡ್ ಕಾಲಕ್ರಮದಲ್ಲಿ ಒಡೆಯುತ್ತದೆ, ಆರ್ಸೆನಿಕ್ ಒಡೆಯುವುದಿಲ್ಲ. ಮಳೆ ಕೊರೆದ ಸೀಳುಗಳು ದಿಬ್ಬದ ಮೈಮೇಲೆ ಬೆರಳಾಡಿಸಿದ ಹಾಗೆ ಇವೆ, ಅವುಗಳ ಬುಡ ಹಿಡಿದು ಹೋದರೆ ಯಾವ ಹಳ್ಳ, ಯಾವ ಕೆರೆ ಎಂಬುದು ನಕ್ಷೆಯಿಲ್ಲದೆಯೂ ತಿಳಿಯುತ್ತದೆ. ಗಣಿಯ ನೀರಿನ ಯೋಜನೆ ಬರೆಯುವವರು ಆ ಹಳ್ಳದ ಒಂದು ಬಾಟಲಿಯನ್ನೂ ತುಂಬಿಕೊಳ್ಳಬೇಕು.

ಆರನೇ ದಿನ, ಶುಕ್ರವಾರ: ಯರಗೋಳ್

ಬಂಗಾರಪೇಟೆ ತಾಲ್ಲೂಕಿನ ಯರಗೋಳ್, ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟೆ. ಕೋಲಾರ, ಬಂಗಾರಪೇಟೆ, ಮಾಲೂರಿಗೆ ಕುಡಿಯುವ ನೀರು. ತಮಿಳುನಾಡಿನ ಆಕ್ಷೇಪ ಸುಪ್ರೀಂ ಕೋರ್ಟಿನಲ್ಲಿ 2019ರಲ್ಲಿ ವಜಾ ಆಯಿತು, 2023ರ ನವೆಂಬರ್‌ನಲ್ಲಿ ಉದ್ಘಾಟನೆ. ಸಾಮರ್ಥ್ಯ ಅರ್ಧ ಟಿಎಂಸಿ. ನಿನ್ನೆಯ ಗಣಿಯ ಪೊಟರೆಗೂ ಇದಕ್ಕೂ ಗಾತ್ರದಲ್ಲಿ ಅಂಥ ಅಂತರವಿಲ್ಲ. ಇದರ ಹಿಂದೆ ಕಾಡಿನ ಜಲಾನಯನ ಇದೆ, ಅದೇ ಅಂತರ. ವರ್ಷಕ್ಕೊಮ್ಮೆ ತುಂಬಿದರೆ ದಿನಕ್ಕೆ ಸುಮಾರು 3.9 ಕೋಟಿ ಲೀಟರ್, ಅದೂ ಆವಿ ಕಳೆಯುವ ಮೊದಲು.

ತುಂಬಿದರೆ ಎಂಬುದೇ ಪ್ರಶ್ನೆ. ಕುಡಿಯುವ ನೀರಿನ ಯೋಜನೆಗೆ ನೂರರಲ್ಲಿ 95 ವರ್ಷ ಸಿಗುವಷ್ಟನ್ನೇ ನಂಬಬೇಕು, ನೀರಾವರಿಗೆ 75 ಸಾಕು. 40 ವರ್ಷದ ಒಳಹರಿವನ್ನು ದೊಡ್ಡದರಿಂದ ಸಣ್ಣದಕ್ಕೆ ಇಳಿಸಿ ಬರೆದರೆ 39ನೆಯ ಸಾಲಿನಲ್ಲಿರುವ ಸಂಖ್ಯೆ ಆ 95. ಸರಾಸರಿ ಅಲ್ಲ, ಕೆಟ್ಟದರಲ್ಲಿ ಎರಡನೆಯದು. ಯರಗೋಳಿನ ಪಟ್ಟಿಯಲ್ಲಿ ಈಗಿರುವುದು ಬೆರಳೆಣಿಕೆಯ ವರ್ಷ. ಅಲ್ಲಿಯವರೆಗೆ ಸುತ್ತಲಿನ ಮಳೆಮಾಪಕಗಳ ಹಳೆಯ ದಾಖಲೆಯಿಂದ ಹರಿವನ್ನು ಅಂದಾಜಿಸಬೇಕು, ಪ್ರತಿ ವರ್ಷ ನಿಜವಾದ ಒಳಹರಿವು ಬಂದಂತೆ ತಿದ್ದಬೇಕು. ಕಟ್ಟೆಯ ಪಕ್ಕದಲ್ಲಿ ಮಳೆಮಾಪಕ ಇದೆಯೇ, ದಿನವೂ ಬೆಳಿಗ್ಗೆ ಎಂಟೂವರೆಗೆ ಓದುತ್ತಾರೆಯೇ, ಮಟ್ಟದ ಪಟ್ಟಿಯ ಸೊನ್ನೆ ಎಲ್ಲಿಂದ ಎಂದು ಪುಸ್ತಕದಲ್ಲಿ ಬರೆದಿದೆಯೇ ಎಂದು ಕೇಳಿ. ಸೊನ್ನೆಯನ್ನು ಬರೆದಿಡದೆ ಪಟ್ಟಿ ಬದಲಿಸಿದರೆ ಹಿಂದಿನ ವರ್ಷಗಳೆಲ್ಲ ಹೋದವು.

ಮಧ್ಯಾಹ್ನ ಒಂದರೊಳಗೆ ಇಲ್ಲಿಂದ ಹೊರಡಬೇಕು. ಆಮ್ಲ ಹಾಕಿದ ಬಾಟಲಿಗಳು ತಿಂಗಳುಗಟ್ಟಲೆ ಕಾಯುತ್ತವೆ. ಇವತ್ತು ಬೆಳಿಗ್ಗೆ ತುಂಬಿದ ಬ್ಯಾಕ್ಟೀರಿಯಾ ಪರೀಕ್ಷೆಯವು ಐಸಿನಲ್ಲಿಟ್ಟರೂ ಒಂದು ದಿನಕ್ಕಿಂತ ಹೆಚ್ಚು ತಾಳವು, ನಾಳೆ ಎರಡನೇ ಶನಿವಾರ. ಪ್ರಯೋಗಾಲಯದವರು ಬೀಗ ಹಾಕುವ ಮೊದಲು, ಸಂಜೆ ನಾಲ್ಕಕ್ಕೆ, ಪೆಟ್ಟಿಗೆ ಅವರ ಮೇಜಿನ ಮೇಲಿರಬೇಕು.